ಎಡೆಯ ಪಕ್ಕ ಬಿದ್ದ ಮರಿ

ನಮ್ಮ ಓಣಿಯಲ್ಲಿ ಮೇಲಿನಿಂದ ಏನಾದರೊಂದು ಬೀಳುತ್ತಲೇ ಇರುತ್ತದೆ, ಮತ್ತು ಬಿದ್ದದ್ದೆಲ್ಲ ನಮ್ಮ ಮಾಳಿಗೆಯ ಮೇಲೆಯೇ ಬೀಳುತ್ತದೆ. ಪಕ್ಕದ ಮನೆಯ ತಗಡು, ಯಾರದೋ ಗಾಳಿಪಟ, ಒಣಗಲು ಹಾಕಿದ ಬೇರೆಯವರ ಸೀರೆ, ಒಮ್ಮೆ ಟಿವಿಯ ಇಡೀ ತಟ್ಟೆ. ಅವನ್ನೆಲ್ಲ ಕೇಳಿಕೊಂಡು ಯಾರಾದರೂ ಬರುತ್ತಾರೆ, ಕೊಟ್ಟು ಕಳಿಸುತ್ತೇವೆ. ಮುಂಗಾರಿನ ಗಾಳಿಗೆ ಬಿದ್ದ ಹಕ್ಕಿಮರಿಯನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ. ಅದನ್ನು ನಾವೇ ಸಾಕಬೇಕಾಯಿತು.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಮುಂದಿನ ಅಂಕಣದಲ್ಲಿ ಪತ್ತಲ, ಅಂದರೆ ಸೀರೆ, ನೇಯುವ ನಾಲ್ಕು ಪವರ್‌ಲೂಮು, ಹಿಂದಿನ ಅಂಕಣದಲ್ಲಿ ನಾವು ಮೂವರು: ನನ್ನ ಗಂಡ, ನನ್ನ ಅತ್ತೆ, ನಾನು. ನನ್ನ ಕೆಲಸ ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗೆ ನೂಲು ತುಂಬುವುದು. ಕೈಗೆ ಕೆಲಸ, ಕಣ್ಣಿಗೆ ಬಿಡುವು. ಹಾಗಾಗಿ ಆ ಎರಡು ತಿಂಗಳು ನಡೆದದ್ದನ್ನೆಲ್ಲ ಸರಿಯಾಗಿ ನೋಡಿದವಳು ನಾನೊಬ್ಬಳೇ.

ಹೆಲ್ಮೆಟ್ಟು

ಅವತ್ತು ನಮ್ಮ ಮಾವನ ವರ್ಷದ ಎಡೆ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ ಸಾರು ಮಾಡಿ, ಬಾಳೆಲೆಯಲ್ಲಿ ಬಡಿಸಿ, ಕಾಗೆ ಮುಟ್ಟಲೆಂದು ಮಾಳಿಗೆಯ ಮೇಲೆ ಇಟ್ಟು ಬಂದೆವು. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ನಾವು ಕೆಳಗಿಳಿಯುವಷ್ಟರಲ್ಲಿ ಗಾಳಿ ಎದ್ದಿತು. ಬೇವಿನ ಮರದಲ್ಲಿದ್ದ ಕಾಗೆಯ ಗೂಡು ಹಾರಿ ಬಂದು ಮಾಳಿಗೆಗೆ ಬಡಿದು ಚೂರಾಯಿತು. ಗಾಳಿ ನಿಂತ ಮೇಲೆ ನನ್ನ ಗಂಡ ಹತ್ತಿ ನೋಡಿದರೆ ಎಲೆಯ ಪಕ್ಕದಲ್ಲಿ ಒಂದು ಮರಿ ಕೂತಿತ್ತು. ಕಪ್ಪು ಚರ್ಮ, ಅಲ್ಲಲ್ಲಿ ನಾಲ್ಕು ಮುಳ್ಳಿನಂಥ ಪುಕ್ಕ, ಉಳಿದದ್ದೆಲ್ಲ ಬಾಯಿ.

ಗೂಡು ಕಳೆದುಕೊಂಡ ಕಾಗೆಗಳಿಗೆ ಮರಿಯನ್ನು ಎತ್ತಿಕೊಂಡ ಮನುಷ್ಯ ಕಂಡ. ಗಾಳಿ ಮಾಡಿದ ಕೆಲಸದ ಪಾಪವೆಲ್ಲ ನನ್ನ ಗಂಡನ ತಲೆಯ ಮೇಲೆ ಬಂತು. ಬುಟ್ಟಿಯಲ್ಲಿ ಮರಿ ಇಟ್ಟು ಮರಕ್ಕೆ ಕಟ್ಟಿ ನೋಡಿದೆವು, ಮರುದಿನ ಕರೆಂಟಿನವರು ಬಂದು ತಂತಿಗೆ ತಾಗುತ್ತದೆಂದು ಆ ಕೊಂಬೆಯನ್ನೇ ಕಡಿದು ಹಾಕಿದರು. ಕಾಗೆಗಳು ಎರಡು ದಿನ ಅರಚಿ, ಮೂರನೆಯ ದಿನ ಎದುರಿನ ಹುಣಸೆಮರದಲ್ಲಿ ಹೊಸ ಗೂಡು ಶುರು ಮಾಡಿದವು. ಮರಿಯನ್ನು ಮರೆತವು, ನನ್ನ ಗಂಡನನ್ನು ಮರೆಯಲಿಲ್ಲ. ಹತ್ತು ಮಂದಿಯ ನಡುವೆ ನಿಂತಿದ್ದರೂ ಇವರನ್ನೇ ಹುಡುಕಿ ನೆತ್ತಿಗೆ ಕುಕ್ಕಿ ಹೋಗುತ್ತಿದ್ದವು.

ಗಾಡಿ ಕೊಂಡ ದಿನದಿಂದ ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕಿದ್ದ ಮನುಷ್ಯ ಈಗ ಹಾಲು ತರಲು ಹೋಗುವಾಗಲೂ ಅದನ್ನು ಹಾಕಿಕೊಂಡು ನಡೆಯತೊಡಗಿದರು. ಓಣಿ ದಾಟಿದ ಕೂಡಲೇ ತೆಗೆದು ಗಾಡಿಯ ಹಿಡಿಕೆಗೆ ಸಿಕ್ಕಿಸುತ್ತಿದ್ದರು. ಒಂದು ದಿನ ರಬಕವಿಯ ದಾರಿಯಲ್ಲಿ ಪೊಲೀಸ ಗಾಡಿ ತಡೆದು, ಹೆಲ್ಮೆಟ್ಟು ಇಟ್ಟುಕೊಂಡೂ ಹಾಕಿಕೊಳ್ಳಲಿಲ್ಲವೇಕೆ ಎಂದು ಕೇಳಿದ. ಇವರು ಇದ್ದದ್ದನ್ನು ಇದ್ದಂತೆ ಹೇಳಿದರು: "ಈ ಕಡೆ ಕಾಗಿ ಇಲ್ಲರಿ ಸಾಹೇಬ್ರ." ಪೊಲೀಸ ದಂಡದ ಪುಸ್ತಕ ಮುಚ್ಚಿ, ಇನ್ನು ಮೇಲೆ ಒಬ್ಬರೇ ತಿರುಗಾಡಬೇಡಿರಿ, ಮನೆಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿರಿ ಎಂದು ಕೈಮುಗಿದು ಕಳಿಸಿದನಂತೆ.

ಎಷ್ಟನೆಯ ಸೂಲು

ಮರಿ ಬಾಯಿ ತೆರೆದೇ ಇತ್ತು. ಅದರೊಳಗೆ ಏನು ಹಾಕಬೇಕು ಎಂಬುದರಲ್ಲಿ ಓಣಿ ಮೂರು ಪಕ್ಷವಾಯಿತು. ಒಬ್ಬಾಕೆ ಹಾಲು ಎಂದಳು. ಹಕ್ಕಿಗೆ ಎಲ್ಲಿಯ ಹಾಲು, ಅದರ ತಾಯಿಗೆ ಕೆಚ್ಚಲು ಇದೆಯೇ ಎಂದು ನಾನು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಇನ್ನೊಬ್ಬರು ನೆನೆಸಿದ ಚುರುಮುರಿ ಎಂದರು. ಮತ್ತೊಬ್ಬರು ಬಂದವರೇ ಹನಿಕೊಳವೆಯಿಂದ ಬಾಯಿಗೆ ನೀರು ಬಿಟ್ಟರು, ಮರಿ ಕೆಮ್ಮಿ ಕೆಮ್ಮಿ ಸಾಯುವ ಹಾಗಾಯಿತು. ನನಗೆ ಸಿಟ್ಟು ಬಂದು ಎಲ್ಲರನ್ನೂ ಹೊರಗೆ ಕಳಿಸಿ, ಕಂಡಿಕೆಯ ಡಬ್ಬಿಯಲ್ಲಿ ಮರಿಯನ್ನು ಕೂಡಿಸಿಕೊಂಡು ಜಮಖಂಡಿಯ ಬಸ್ಸು ಹತ್ತಿದೆ.

ಅಲ್ಲಿ ಒಬ್ಬ ದನದ ಡಾಕ್ಟರಿದ್ದಾರೆ, ಖಾಸಗಿಯವರು, ಕೈಗುಣ ಒಳ್ಳೆಯದೆಂದು ಹೆಸರು. ಅವರ ಅಂಗಳದಲ್ಲಿ ಮೂರು ಎಮ್ಮೆ, ಒಂದು ಹೋರಿ, ಮುಧೋಳದಿಂದ ಬಂದ ಒಂದು ಬೇಟೆನಾಯಿ. ನಾಯಿ ಮೈಯೆಲ್ಲ ಕಾಲು, ಮುಖವೆಲ್ಲ ಮೂಗು. ಆ ಮೂಗು ನನ್ನ ಡಬ್ಬಿಯ ಕಡೆಗೇ ತಿರುಗಿಕೊಂಡಿತ್ತು. ನಾನು ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಮ್ಮೆಯ ಆಚೆ ಬದಿಗೆ ಹೋಗಿ ನಿಂತೆ.

ಒಳಗೆ ಕಂಪೌಂಡರ್ ತಲೆ ಎತ್ತದೆ ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದ. ಮಾಲಕರ ಹೆಸರು ಕೇಳಿದ, ಹೇಳಿದೆ. ಊರು ಕೇಳಿದ, ಹೇಳಿದೆ. ಮೇವು ತಿನ್ನುತ್ತದೆಯೋ ಇಲ್ಲವೋ ಕೇಳಿದ, ಅದನ್ನು ಕೇಳಲೆಂದೇ ಬಂದಿದ್ದೇನೆ ಎಂದೆ. ಆಮೇಲೆ, ಈದ ಎಮ್ಮೆಯ ಲೆಕ್ಕ ಕೇಳುವಂತೆ, "ಎಷ್ಟನೇ ಸೂಲು?" ಎಂದ. ನಾನು ಡಬ್ಬಿಯ ಮುಚ್ಚಳ ತೆಗೆದು ಪುಸ್ತಕದ ಮೇಲಿಟ್ಟೆ. ಮರಿ ಅವನ ಮುಖಕ್ಕೆ ಬಾಯಿ ತೆರೆಯಿತು. ಅವನು ಸ್ವಲ್ಪವೂ ಗಾಬರಿಯಾಗದೆ ಸೂಲಿನ ಮನೆಯಲ್ಲಿ ಒಂದು ಗೀಟು ಎಳೆದು, ಮುಂದಿನದನ್ನು ಕೇಳಿದ: "ಹಾಲು ಮುಂಜಾನಿ ಎಷ್ಟು, ಸಂಜಿಗೆ ಎಷ್ಟು?"

ಕೆಟಲ್ಲು

ಡಾಕ್ಟರು ಮಾತ್ರ ಮರಿಯನ್ನು ಅಂಗೈ ಮೇಲೆ ಕೂಡಿಸಿಕೊಂಡು ಸರಿಯಾಗಿ ನೋಡಿದರು. ಹಾಲು ಬೇಡ, ಬಾಯಿಗೆ ನೀರು ಬಿಡಲೇಬೇಡಿ, ತಿನ್ನುವುದರಲ್ಲಿರುವ ನೀರೇ ಸಾಕು. ಮುಂಜಾನೆಯಿಂದ ಸಂಜೆಯವರೆಗೆ ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ. ಪಪ್ಪಾಯಿ ಹಣ್ಣು, ನೆನೆಸಿ ಅರೆದ ಕಡಲೆಬೇಳೆ, ಮತ್ತೆ ಬೇಯಿಸಿದ ಮೊಟ್ಟೆ. ಹಾರಲು ಕಲಿತ ಮೇಲೆ ಒಳಗೆ ಇಟ್ಟುಕೊಳ್ಳಬೇಡಿ, ಕಾಡಿನ ಜೀವ, ಬಿಟ್ಟುಬಿಡಿ. ಎಲ್ಲದಕ್ಕೂ ಹೂಂ ಎಂದೆ. ಮೊಟ್ಟೆ ಎಂದಾಗ ಮಾತ್ರ ಆಚೀಚೆ ನೋಡಿ ಮೆಲ್ಲಗೆ ಎಂದೆ.

ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೇ ಆಡುವುದಿಲ್ಲ. ಅತ್ತೆ ಮೊಟ್ಟೆ ಮಾರುವ ಅಂಗಡಿಯ ಮುಂದೆ ಹಾಯುವಾಗ ಮೂಗಿಗೆ ಸೆರಗು ಹಿಡಿಯುವವರು. ನಾನು ಮೂರು ಓಣಿ ಆಚೆಯ ಅಂಗಡಿಯಲ್ಲಿ ಒಂದೇ ಒಂದು ಕೊಂಡು, ನೂಲಿನ ಚೀಲದಲ್ಲಿ ಅಡಗಿಸಿ ತಂದು, ಮಗ್ಗದ ಮನೆಯ ಚಹಾದ ಕೆಟಲ್ಲಿನಲ್ಲಿ ಕುದಿಸಿದೆ. ಅದೇ ಕೆಟಲ್ಲಿನಲ್ಲಿ ನನ್ನ ಗಂಡ ಆಮೇಲೆ ಚಹಾ ಮಾಡಿಕೊಂಡು, ಇವತ್ತು ಪುಡಿ ಛಲೋ ಐತಿ ಎಂದರು. ಇಂದಿನವರೆಗೂ ಅವರಿಗೆ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಮೂರನೆಯ ದಿನ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಕಡ್ಡಿಯ ತುದಿಗೆ ಮೊಟ್ಟೆಯ ಹಳದಿ ಹಚ್ಚಿ ಮರಿಯ ಬಾಯಿಗೆ ಇಡುತ್ತಿದ್ದೆ, ಅವರು ಹಿಂದೆ ಬಂದು ನಿಂತಿದ್ದರು. ಬೈಗುಳ ಬೀಳುತ್ತದೆಂದು ಕಾದೆ. ಅವರು ಮೆಲ್ಲಗೆ ಪಕ್ಕದಲ್ಲಿ ಕೂತರು. ಇದು ಯಾರೆಂದು ಮೊದಲ ದಿನವೇ ಗೊತ್ತಾಯಿತು ಎಂದರು. ನಾನು ಕಾಗೆಮರಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಎಡೆಯ ದಿನ, ಎಡೆಯ ಎಲೆಯ ಪಕ್ಕ, ಹೆಸರು ಹಿಡಿದು ಕರೆದಂತೆ ಬಂದು ಕೂತಿದೆ, ಅದೇ ಬಣ್ಣ, ಕುತ್ತಿಗೆ ಒಳಗೆ ಎಳೆದುಕೊಂಡು ಮುನಿಸಿಕೊಂಡಂತೆ ಕೂಡುವುದೂ ಅದೇ, ಹೊಟ್ಟೆ ಹಸಿಯುವವರೆಗೆ ಬಾಯಿ ಬಿಡದಿರುವುದೂ ಅದೇ. ನನಗೆ ನಗು ಬಂತು, ಆದರೆ ಅವರ ಮುಖ ನೋಡಿ ನಗಲಿಲ್ಲ. ಮಾವ ಹೋದ ಮೇಲೆ ಆ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಹಾಗಾದರೆ ಮೊಟ್ಟೆಯ ಗತಿ ಏನು ಎಂದು ನಾನು ಯೋಚಿಸುತ್ತಿದ್ದೆ. ಮರಿ ಒಂದು ತುಂಡು ನುಂಗಿತು, ಎರಡು ನುಂಗಿತು, ಮೂರನೆಯದಕ್ಕೆ ಕಡ್ಡಿಯನ್ನೇ ಎಳೆಯಿತು. ಅತ್ತೆ ಕಣ್ಣು ಸಣ್ಣ ಮಾಡಿ ನೋಡಿದರು. "ತಿಂಗಳಿಗೊಮ್ಮಿ ಪತ್ತಲಾ ಮಾರಾಕಂತ ಮುಧೋಳಕ್ಕ ಹೋಗ್ತಿದ್ರು. ಬರೂವಾಗ ಬಾಯಾಗ ಯಾಲಕ್ಕಿ," ಎಂದರು. "ಆಗಿಂದನ ನನಗ ಸಂಶೆ ಇತ್ತು ಬೇ."

ಬಾಯಿಂದ ನೇಯ್ದದ್ದು

ಮರಿಯನ್ನು ಸಪ್ಪಳವಿಲ್ಲದ ಜಾಗದಲ್ಲಿ ಇಡಿ ಎಂದಿದ್ದರು ಡಾಕ್ಟರು. ಬನಹಟ್ಟಿಯಲ್ಲಿ ಅಂಥ ಜಾಗ ಎಲ್ಲಿದೆ ಎಂದು ಅವರೇ ಹೇಳಬೇಕಿತ್ತು. ನಮ್ಮಲ್ಲಿ ಮಕ್ಕಳು ಹುಟ್ಟುವುದೂ ಮಲಗುವುದೂ ಮಗ್ಗದ ಖಟಖಟದಲ್ಲೇ. ಕರೆಂಟು ಹೋಗಿ ಮಗ್ಗ ನಿಂತರೆ, ಏನಾಯಿತೋ ಎಂದು ಮಲಗಿದವರೆಲ್ಲ ಎದ್ದು ಕೂಡುತ್ತಾರೆ.

ಮರಿಯೂ ಹಾಗೆಯೇ ಆಯಿತು. ನಾಲ್ಕು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಡಬ್ಬಿಯಲ್ಲಿ ಕುತ್ತಿಗೆ ಚೆಲ್ಲಿ ನಿದ್ದೆ ಮಾಡುತ್ತಿತ್ತು. ಕರೆಂಟು ಹೋದದ್ದೇ ತಡ, ಕಿರುಚಾಟ ಶುರು. ತುತ್ತು ಇಟ್ಟರೂ ಉಗುಳುತ್ತಿತ್ತು. ಒಂದು ಮಧ್ಯಾಹ್ನ ಕರೆಂಟು ಮೂರು ತಾಸು ಬರಲಿಲ್ಲ. ಮರಿ ಏನೂ ತಿನ್ನದೆ ಅರಚಿ ಅರಚಿ ಸೋತು ತಲೆ ಕೆಳಗೆ ಹಾಕಿತು. ಆಗ ನನ್ನ ಗಂಡ ಅದರ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು, ಬಾಯಿಂದ ಖಟಕ್ ಖಟಕ್, ಖಟಕ್ ಖಟಕ್ ಎಂದು ಮಗ್ಗದ ಸಪ್ಪಳ ಮಾಡತೊಡಗಿದರು. ಮರಿ ತಲೆ ಎತ್ತಿತು, ಬಾಯಿ ತೆರೆಯಿತು. ನಾನು ತುತ್ತು ಇಟ್ಟೆ. ಇವರು ನಿಲ್ಲಿಸಿದರೆ ಅದೂ ಬಾಯಿ ಮುಚ್ಚುತ್ತಿತ್ತು. ಹಾಗಾಗಿ ಇವರು ನಿಲ್ಲಿಸುವಂತಿರಲಿಲ್ಲ.

ಅದೇ ಹೊತ್ತಿಗೆ ಮಹಾಲಿಂಗಪುರದ ಅರಿವೆ ವ್ಯಾಪಾರಿ, ಹೇಳಿಟ್ಟ ಪತ್ತಲಗಳು ಆಗಿವೆಯೋ ಇಲ್ಲವೋ ನೋಡಲು ಬಂದ. ಮಗ್ಗಗಳೆಲ್ಲ ನಿಂತಿವೆ, ಮಾಲಕ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಖಟಕ್ ಖಟಕ್ ಎನ್ನುತ್ತಿದ್ದಾನೆ. ವ್ಯಾಪಾರಿ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಇವರು ಮಾತಾಡುವಂತಿರಲಿಲ್ಲ, ಕೈಯಿಂದ ಕೂಡಿರಿ ಎಂದು ಸನ್ನೆ ಮಾಡಿದರು. ಆತ ಕೂಡಲಿಲ್ಲ. ಮೆಲ್ಲಗೆ ನನ್ನನ್ನು ಕೇಳಿದ: "ಕರೆಂಟ್ ಬರೂತನಕ ಬಾಯಿಲೇನ ನೇಯ್ತಾರೇನ್ರಿ?"

ಮೂರನೆಯ ದಿನ

ಒಂದು ತಿಂಗಳಲ್ಲಿ ಮರಿಗೆ ಮೈತುಂಬ ಕಪ್ಪು ಪುಕ್ಕ ಬಂತು. ಗೂಟದಿಂದ ತೊಲೆಗೆ, ತೊಲೆಯಿಂದ ಅತ್ತೆಯ ಹೆಗಲಿಗೆ ಹಾರುವಷ್ಟು ರೆಕ್ಕೆ ಬಲಿಯಿತು. ಆದರೆ ತಾನಾಗಿ ಹೆಕ್ಕಿ ತಿನ್ನುವುದನ್ನು ಮಾತ್ರ ಕಲಿಯಲಿಲ್ಲ. ತಟ್ಟೆಯಲ್ಲಿ ಹಣ್ಣು ಇಟ್ಟರೆ ಅದರ ಮುಂದೆ ಕೂತು, ಯಾರಾದರೂ ಬಂದು ಬಾಯಿಗೆ ಇಡಲಿ ಎಂದು ಬಾಯಿ ತೆರೆದು ಕಾಯುತ್ತಿತ್ತು.

ಆಗ ನಮ್ಮ ಓಣಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಮೂರನೆಯ ದಿನ ಅವರ ಮೂವರು ಗಂಡುಮಕ್ಕಳು ಮಾಳಿಗೆಯ ಮೇಲೆ ಎಡೆ ಇಟ್ಟು ಕಾದರು. ಕಾಗೆ ಬರಲಿಲ್ಲ. ಬಂದ ಒಂದೆರಡೂ ದೂರದಲ್ಲೇ ಕೂತು ನೋಡಿ ಹೋದವು. ಕಾಗೆ ಮುಟ್ಟಲಿಲ್ಲವೆಂದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ಸೋತು, ಹಿರಿಯ ಮಗ ನಮ್ಮ ಮನೆಗೆ ಬಂದ. ನಿಮ್ಮ ಮನೆಯ ಕಾಗೆಯನ್ನು ಒಂದು ಗಳಿಗೆ ಕೊಡಿರಿ ಎಂದ.

ನಾನು ಆಗುವುದಿಲ್ಲ ಎಂದೆ. ಅತ್ತೆ ಒಳಗಿನಿಂದಲೇ ಬುಟ್ಟಿ ತಂದರು. ಹೋದವರೂ ನಮ್ಮ ಮಾವನೂ ಜೊತೆಗೆ ಇಸ್ಪೀಟು ಆಡಿದವರಂತೆ, ಇಂಥ ದಿನ ಹೋಗದಿದ್ದರೆ ಹೇಗೆ ಎಂದರು. ಅವರು ಮುಂದೆ, ಬುಟ್ಟಿ ಹಿಡಿದು ನಾನು ಹಿಂದೆ.

ಎಲೆಯ ಮುಂದೆ ಬಿಟ್ಟದ್ದೇ ತಡ, ಹಕ್ಕಿ ತನ್ನ ರೂಢಿಯಂತೆ ಮೂವರ ಕಡೆಗೂ ಬಾಯಿ ತೆರೆದು ಅರಚಿತು. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಹಿರಿಯ ಮಗ ಕೈಮುಗಿದು, ಅವ್ವನನ್ನು ಎರಡು ತಿಂಗಳಿಗೊಬ್ಬರಂತೆ ಅಲ್ಲ, ನಾನೇ ಪೂರ್ತಿ ನೋಡಿಕೊಳ್ಳುತ್ತೇನೆ ಎಂದ. ಹಕ್ಕಿ ಬಾಯಿ ಮುಚ್ಚಲಿಲ್ಲ. ಕಿರಿಯವನು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯನ್ನು ಅಲ್ಲಿಯೇ ಕರೆದು ಮಾತಾಡಿಸಿದ. ಹಕ್ಕಿ ಕುಪ್ಪಳಿಸಿ ನಡುವಿನವನ ಕಾಲ ಬಳಿಗೆ ಹೋಗಿ, ಕತ್ತೆತ್ತಿ ಅವನ ಮುಖವನ್ನೇ ನೋಡುತ್ತ ಇನ್ನೂ ಜೋರಾಗಿ ಅರಚಿತು. ಅವನು ಎರಡೂ ಕಿವಿ ಹಿಡಿದುಕೊಂಡ. "ಬಿಟ್ಟೆ ಯಪ್ಪಾ, ಇವತ್ತಿಂದ ಕುಡಿಯೂದು ಬಿಟ್ಟೆ," ಎಂದ. ಹಕ್ಕಿಗೆ ತುತ್ತು ಕೊಟ್ಟು ತಾಸಿನ ಮೇಲಾಗಿತ್ತು, ನನಗೆ ಅದರ ಹಸಿವು ನೋಡಲಾಗಲಿಲ್ಲ. ಸೊಂಟದಲ್ಲಿದ್ದ ಕಡ್ಡಿ ತೆಗೆದು, ಎಲೆಯ ಮೇಲಿನ ಹೂರಣ ತುದಿಗೆ ಹಚ್ಚಿ ಬಾಯಿಗೆ ಇಟ್ಟೆ. ಗುಳುಂ ಎಂದಿತು. ಮಾಳಿಗೆಯ ಮೇಲಿದ್ದವರೆಲ್ಲ ಒಮ್ಮೆಲೇ ಕೈಮುಗಿದರು.

ನಡುವಿನವನು ಖರೇ ಕುಡಿಯುವುದನ್ನು ಬಿಟ್ಟ. ಮುಂದಿನ ವಾರ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಮ್ಮ ಮನೆಗೆ ಬರತೊಡಗಿದರು. ಅವರ ಮನೆಯಲ್ಲೂ ಕುಡಿಯುವವರಿದ್ದಾರಂತೆ, ಸದ್ಯಕ್ಕೆ ಸತ್ತವರು ಯಾರೂ ಇಲ್ಲವಂತೆ, ಆದರೂ ಹಕ್ಕಿಯನ್ನು ಒಂದು ತಾಸು ಕೊಡಲಾಗುತ್ತದೆಯೇ ಎಂದು ಕೇಳಿದರು.

ಬೇವಿನ ಹಣ್ಣು

ನಮ್ಮ ಓಣಿಯ ಹಿಂದೆ ಹೊಲಗಳು. ಅಲ್ಲಿ ಕುರಿ ಮೇಯಿಸುವ ಒಬ್ಬ ಅಜ್ಜ ಇದ್ದಾರೆ, ಬೀರೇಶ್ವರನ ಭಕ್ತರು, ಹೆಗಲ ಮೇಲಿನ ಕಂಬಳಿ ಯಾವ ಕಾಲಕ್ಕೂ ಇಳಿಯುವುದಿಲ್ಲ. ಒಂದು ದಿನ ನೀರು ಕುಡಿಯಲು ಬಂದು ಕಟ್ಟೆಯ ಮೇಲೆ ಕೂತರು. ಅತ್ತೆಯ ಹೆಗಲ ಮೇಲಿದ್ದ ಹಕ್ಕಿಯನ್ನು ಚೊಂಬು ಕೆಳಗಿಡದೆ ನೋಡಿದರು. ಬಾಲ ಉದ್ದವಾಯಿತು, ಕೊಕ್ಕು ಗಿಡ್ಡವಾಯಿತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, ಇದು ಕಾಗೆಯಲ್ಲ, ಕೋಗಿಲೆಯ ಮರಿ ಎಂದರು. ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗಿಬಿಡುತ್ತದೆ, ಕಾಗೆ ತನ್ನದೆಂದು ತಿಳಿದು ಸಾಕುತ್ತದೆ.

ನನಗೆ ಅಯ್ಯೋ ಎನಿಸಿತು. ಹೆತ್ತವಳು ಬಿಟ್ಟು ಹೋದಳು, ಸಾಕಿದವಳು ಗಾಳಿಗೆ ಬಿಟ್ಟುಕೊಟ್ಟಳು, ಆಮೇಲೆ ನಮ್ಮ ಕೈಗೆ ಬಂತು. ಅತ್ತೆಗೆ ಮಾತ್ರ ಸಿಟ್ಟು ಬಂತು. ನಮ್ಮ ಮನೆತನದಲ್ಲಿ ಯಾರೂ ಮಂದಿಯ ಮನೆಯಲ್ಲಿ ಬೆಳೆದವರಲ್ಲ ಎಂದರು.

ಅಜ್ಜ ವಾದ ಮಾಡಲಿಲ್ಲ. ಬೇವಿನ ಮರದ ಕೆಳಗೆ ಹೋಗಿ ಹಳದಿ ಹಣ್ಣು ಒಂದು ಬೊಗಸೆ ಆರಿಸಿ ತಂದರು. ಕೋಗಿಲೆಗೆ ಇದೆಂದರೆ ಪ್ರಾಣ, ನೋಡಿರಿ ಎಂದು ಕಟ್ಟೆಯ ಮೇಲೆ ಉದುರಿಸಿದರು. ಒಂದೂವರೆ ತಿಂಗಳು ಕಡ್ಡಿಯ ತುದಿಯಿಂದಲೇ ತಿಂದ ಹಕ್ಕಿ ಅತ್ತೆಯ ಹೆಗಲಿನಿಂದ ಇಳಿದು, ಮೊದಲ ಸಲ ತಾನಾಗಿ ಒಂದನ್ನು ಹೆಕ್ಕಿ ನುಂಗಿತು. ಇನ್ನೊಂದು. ಮತ್ತೊಂದು. ಬೊಗಸೆ ಮುಗಿಸಿಯೇ ತಲೆ ಎತ್ತಿತು. ನನಗೆ ಕಣ್ಣಲ್ಲಿ ನೀರು ಬಂತು, ಇನ್ನು ಇದು ಬದುಕುತ್ತದೆ ಎಂದು ಗೊತ್ತಾಯಿತು.

ಅಜ್ಜ ಎದ್ದು ಕಂಬಳಿ ಸರಿಮಾಡಿಕೊಂಡರು. "ತಾನ ತಿನ್ನಾಕ ಕಲೀತು, ಇನ್ನ ಬಿಡ್ರಿ. ಮತ್ತ ಹದಿನೈದು ದಿನ ಒಳಗ ಇಟ್ರ ಇದು ಹಕ್ಕಿ ಅಲ್ಲ, ಮನಿ ಸಾಮಾನ ಆಗತೈತಿ," ಎಂದರು. ನಾನು ಅತ್ತೆಯ ಮುಖ ನೋಡಿದೆ. ಈಗಲಾದರೂ ಒಪ್ಪಿದಿರಾ, ಯಾವ ಕಾಗೆ ಇಷ್ಟು ಬೇವಿನ ಹಣ್ಣು ತಿನ್ನುತ್ತದೆ ಎಂದು ಕೇಳಿದೆ.

"ಅವರಿಗೆ ಸಕ್ಕರಿ ಬ್ಯಾನಿ ಇತ್ತು," ಎಂದರು ಅತ್ತೆ. "ದಿನಾ ಮುಂಜಾನಿ ಬೇವು ತಿಂತಿದ್ರು."

ಕಿಟಕಿ

ಆಮೇಲಿನ ಹನ್ನೆರಡು ದಿನ ಮನೆಯಲ್ಲಿ ಸಮಾಧಾನವಿರಲಿಲ್ಲ. ಹಕ್ಕಿ ಈಗ ನಾಲ್ಕೂ ಮಗ್ಗಗಳ ಮೇಲೆ ಹಾರಾಡುತ್ತಿತ್ತು. ಕೆಳಗೆ ಮೋಟರಿನ ಪಟ್ಟೆಗಳು ತಿರುಗುತ್ತಿರುತ್ತವೆ, ಲಾಳಿ ಗುಂಡಿನಂತೆ ಓಡುತ್ತಿರುತ್ತದೆ. ಒಂದು ದಿನ ಬಾಲದ ಪುಕ್ಕ ಪಟ್ಟೆಗೆ ಸಿಕ್ಕಿ ಕಿತ್ತು ಬಂತು. ಬೆರಳಷ್ಟು ಆಚೀಚೆಯಾಗಿದ್ದರೆ ಹಕ್ಕಿಯೇ ಸಿಕ್ಕುತ್ತಿತ್ತು. ನಾನು ಆ ಪುಕ್ಕ ಕೈಯಲ್ಲಿ ಹಿಡಿದು ಅತ್ತೆ ಎನ್ನುವುದನ್ನೂ ನೋಡದೆ ಜಗಳ ಮಾಡಿದೆ. ನಿಮಗೆ ಇದು ಬೇಕೋ, ಇದರ ಹೆಣ ಬೇಕೋ ಎಂದು ಕೇಳಿಬಿಟ್ಟೆ.

ಅತ್ತೆ ತಿರುಗಿ ಬೈಯಲಿಲ್ಲ. ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿ, ಚಿಲಕ ಹಾಕಿ ಬಂದು ಕೂತರು. "ಒಮ್ಮಿ ಕಳಿಸಿ ಬಂದೀನಿ. ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ," ಎಂದರು.

ನಾನು ಪುಕ್ಕವನ್ನು ಕಂಡಿಕೆಯ ಡಬ್ಬಿಯಲ್ಲಿಟ್ಟು ಕೆಲಸಕ್ಕೆ ಕೂತೆ. ನನ್ನ ಗಂಡ ನಡುವೆ ಸಿಕ್ಕಿಬಿದ್ದರು. ಅವರು ಹೆಂಡತಿಯ ಮಾತು ಕೇಳಿದರೆ ಅಪ್ಪನನ್ನು ಹೊರಗೆ ಹಾಕಿದಂತೆ, ಅವ್ವನ ಮಾತು ಕೇಳಿದರೆ ಹಕ್ಕಿಯನ್ನು ಕೊಂದಂತೆ. ಹೆಲ್ಮೆಟ್ಟು ಹಾಕಿಕೊಂಡು ಹೊರಗೆ ಹೋಗುವುದೇ ಒಳ್ಳೆಯದೆಂದು ಹೋಗಿಬಿಡುತ್ತಿದ್ದರು. ಅತ್ತೆ ದಿನವೂ ಹಕ್ಕಿಯನ್ನು ಎದುರಿಗೆ ಕೂಡಿಸಿಕೊಂಡು ಮಾತಾಡುತ್ತಿದ್ದರು. ಮೊಣಕಾಲು ನೋವು, ಮಳೆ ತಡವಾದದ್ದು, ಹಿಂದೆ ಯಾವಾಗಲೋ ಇಳಕಲ್ಲಿನ ಪತ್ತಲ ಕೊಡಿಸುತ್ತೇನೆಂದು ಹೇಳಿ ಕೊಡಿಸದೆ ಹೋದದ್ದು. ಹಕ್ಕಿ ಕುತ್ತಿಗೆ ಎಳೆದುಕೊಂಡು ಕೇಳುತ್ತಿತ್ತು. ಮಾವ ಬದುಕಿದ್ದಾಗ ಅತ್ತೆಯ ಮಾತನ್ನು ಅಷ್ಟು ಹೊತ್ತು ಕೂತು ಕೇಳಿದ್ದನ್ನು ನಾನು ಕಂಡಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕು ಮಗ್ಗವೂ ನಿಂತವು, ಓಣಿಯ ಮಗ್ಗಗಳೆಲ್ಲ ನಿಂತವು. ಹಕ್ಕಿ ಕಿರುಚುತ್ತದೆಂದು ನನ್ನ ಗಂಡ ಚಕ್ಕಳಬಕ್ಕಳ ಹಾಕಿ ಕೂತು ಖಟಕ್ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಗಿನ ಬೇವಿನ ಮರದಿಂದ ಒಂದು ಕೋಗಿಲೆ ಕೂಗಿತು. ತೊಲೆಯ ಮೇಲೆ ಕೂತಿದ್ದ ನಮ್ಮ ಹಕ್ಕಿ ಕತ್ತು ನೀಳ ಮಾಡಿತು. ಗಂಟಲು ಉಬ್ಬಿಸಿತು. ಮೊದಲು ಹಳೆಯ ಪಂಪಿನ ಬಾಯಿಂದ ಬರುವಂಥ ಒಂದು ಸಪ್ಪಳ ಬಂತು. ಎರಡನೆಯ ಸಲ ಅರ್ಧ ಬಂತು. ಮೂರನೆಯ ಸಲ, ಒಡೆದ ದನಿಯಲ್ಲಿ, ಆದರೆ ಪೂರ್ತಿಯಾಗಿ, ಕುಹೂ ಎಂದಿತು. ಹೊರಗಿನದು ಮರುದನಿ ಕೊಟ್ಟಿತು. ನಮ್ಮದು ಮತ್ತೆ ಕೂಗಿತು, ಈ ಸಲ ಇನ್ನೂ ಎತ್ತರಕ್ಕೆ.

ನಾನೂ ನನ್ನ ಗಂಡನೂ ಅತ್ತೆಯನ್ನೇ ನೋಡಿದೆವು. ಮೊಟ್ಟೆಗೆ ಅವರ ಬಳಿ ಉತ್ತರವಿತ್ತು, ಬೇವಿಗೂ ಉತ್ತರವಿತ್ತು. ಇದಕ್ಕೇನು ಹೇಳುತ್ತಾರೋ ಎಂದು ಕಾದೆವು. ಅತ್ತೆ ಬಹಳ ಹೊತ್ತು ತಲೆ ಎತ್ತಿ ತೊಲೆಯನ್ನೇ ನೋಡಿದರು. ಹಕ್ಕಿ ಹಾಡುತ್ತಲೇ ಇತ್ತು. ಕಡೆಗೆ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೊಣಕಾಲಿಗೆ ಕೈಕೊಟ್ಟು ಎದ್ದು, ತಾವೇ ಹೋಗಿ ಚಿಲಕ ತೆಗೆದು ಕಿಟಕಿಯ ಎರಡೂ ಬಾಗಿಲನ್ನು ದೂಡಿದರು. ಹಕ್ಕಿ ತೊಲೆಯಿಂದ ಕಿಟಕಿಗೆ, ಕಿಟಕಿಯಿಂದ ಬೇವಿನ ಮರಕ್ಕೆ ಒಂದೇ ಉಸಿರಿಗೆ ಹಾರಿ ಹೋಯಿತು. ಹಿಂದೆ ತಿರುಗಿ ನೋಡಲಿಲ್ಲ.

ನನಗೆ ಅಳು ಬಂತು. ಅತ್ತೆಯ ಹೆಗಲ ಮೇಲೆ ಕೈ ಇಟ್ಟೆ. ಅವರು ಮರದ ಕಡೆಗೇ ನೋಡುತ್ತ ಹೇಳಿದರು:

"ನಲವತ್ತೆರಡು ವರ್ಷ ಬಾಳೇವು ಮಾಡೀನಿ. ಆ ಮನಷ್ಯಾ ಒಂದ್ ದಿನಾ ನನ್ನ ಮುಂದ ಹಾಡಿಲ್ಲ. ಇದು ಬ್ಯಾರೆ ಯಾರದೋ ಗಂಡ ಬೇ, ಅವರ ಮನಿಗೆ ಹೋಗ್ಲಿ ಬಿಡು."